ಕುಂಭ ಮಾಸ, ದಿನ ಹನ್ನೆರಡು

ಹೈಸ್ಕೂಲು ಮಕ್ಕಳಿಗೆ ಲೆಕ್ಕ ಕಲಿಸಿಯೇ ತಲೆ ಹಣ್ಣಾದವಳು ನಾನು. ಬರೆದಿಡದ ಯಾವ ಸಂಗತಿಯನ್ನೂ ನಂಬುವುದಿಲ್ಲ. ನಿವೃತ್ತಿಯಾದ ಮೇಲೆ ಹೊಳೆಬದಿ, ಹಿನ್ನೀರು, ಗದ್ದೆಕಟ್ಟಗಳ ಮೇಲೆ ನಡೆಯುವ ಹುಚ್ಚು ಹಿಡಿದಾಗಲೂ ಮೊದಲು ಮಾಡಿದ ಕೆಲಸ ಒಂದು ನೋಟುಪುಸ್ತಕ ಕೊಂಡದ್ದು. ಕಾರ್ಕಳದಿಂದ ಎಷ್ಟು ಗಂಟೆಯ ಬಸ್ಸು, ಎಲ್ಲಿ ಇಳಿದು ಸರ್ವಿಸ್ ಬಸ್ಸು ಹಿಡಿಯಬೇಕು, ಯಾವ ಕಟ್ಟ ಗಟ್ಟಿ, ಯಾವ ಮನೆಯ ನಾಯಿ ಬಿಟ್ಟಿರುತ್ತದೆ, ಹಿಂದಿರುಗುವ ಬಸ್ಸು ಯಾವಾಗ, ಎಲ್ಲ ಅದರಲ್ಲಿತ್ತು. ಕಾರಿನಲ್ಲಿ ಬಂದು ಹೊಳೆಯ ಮುಂದೆ ಫೋಟೋ ಹೊಡೆದು ಹೋಗುವವರನ್ನು ಕಂಡರೆ ನನಗಾಗುವುದಿಲ್ಲ. ಬಸ್ಸಿಳಿದು ನಡೆದವರಿಗೆ ಮಾತ್ರ ಊರು ಕಾಣುತ್ತದೆ ಎಂದು ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ. ಆ ಪುಸ್ತಕ ಈಗಲೂ ಕಪಾಟಿನಲ್ಲಿದೆ. ಒಲೆಗೆ ಹಾಕಲು ಎರಡು ಸಲ ಹೊರಟು ಹಾಕಲಾಗಲಿಲ್ಲ.

ನನ್ನ ಜೊತೆ ಬರುತ್ತಿದ್ದವಳು ಒಬ್ಬಳೇ. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ನಾನು ಅಲ್ಲಿ ಮಲಗಿದ್ದಾಗ, ಏಳಲಾರೆ ಎಂದು ಹಟ ಹಿಡಿದವಳನ್ನು ರಟ್ಟೆ ಹಿಡಿದು ಎಬ್ಬಿಸಿ, "ನಡೀರಿ ಟೀಚರ್, ಇಲ್ಲದಿದ್ದರೆ ಇಲ್ಲಿಯೇ ಬೇರು ಬಿಡುತ್ತೀರಿ" ಎಂದು ವರಾಂಡದ ತುದಿಯವರೆಗೆ ನಡೆಸಿದ್ದಳು. ಆ ನಡಿಗೆ ಮುಂದೆ ಹೊಳೆಯವರೆಗೆ ಬೆಳೆಯಿತು. ಎದುರಿಗೆ ನಾನು ಅವಳನ್ನು ಸಿಸ್ಟರ್, ನೀವು ಎನ್ನುತ್ತಿದ್ದೆ. ಇಲ್ಲಿ ಅವಳು ಎಂದೇ ಬರೆಯುತ್ತೇನೆ, ಅಷ್ಟು ಸಲಿಗೆ ನನಗಿತ್ತು.

ಅವಳ ತವರು ಮಲ್ಪೆ. ಅಣ್ಣಂದಿರು ಬೋಟಿನವರು, ತಾಯಿ ಒಂದು ಕಾಲದಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವರು. ನಾನು ಬೆಳ್ಮಣ್ ಕಡೆಯ ಬೇಸಾಯದ ಮನೆಯವಳು. ಇಬ್ಬರೂ ತುಳುವಿನವರೇ, ಆದರೆ ದಿನ ಎಣಿಸುವ ಕ್ರಮ ಬೇರೆ. ನಮ್ಮಲ್ಲಿ ಲೆಕ್ಕವೆಲ್ಲ ಸಂಕ್ರಮಣದಿಂದ. ಸೂರ್ಯ ರಾಶಿ ದಾಟಿದ ಮರುದಿನ ಒಂದು, ಆಮೇಲೆ ಎರಡು, ಮೂರು. ಮದುವೆ ಕಾಗದದಲ್ಲೂ "ದಿನ ಹನ್ನೆರಡು ಸಲುವ" ಎಂದು ಅಚ್ಚಾಗುತ್ತದೆ. ಭತ್ತದ ನೇಜಿ ನೆಡುವುದಕ್ಕೂ ದೈವದ ಕೋಲಕ್ಕೂ ಅದೇ. ತಿಥಿಯೆಲ್ಲ ಏಕಾದಶಿ ಉಪವಾಸದವರಿಗೆ ಎಂದು ನನ್ನ ಅಪ್ಪ ನಗುತ್ತಿದ್ದರು. ಕಡಲ ಬದಿಯ ಮನೆಗಳಲ್ಲಿ ನಗುವ ಹಾಗಿಲ್ಲ. ನೀರಿನ ಏರಿಳಿತ ಚಂದ್ರನ ಹಿಂದೆ ಹೋಗುತ್ತದೆ. ಅಷ್ಟಮಿಯ ನೀರು ಸೋಮಾರಿ, ಹುಣ್ಣಿಮೆ ಅಮಾವಾಸ್ಯೆಯ ಆಚೀಚೆಯದ್ದು ಬಲದ್ದು. ಆ ಮನೆಗಳಲ್ಲಿ ತಿಥಿ ಕೇಳದೆ ಹೆಂಗಸರು ಮರುವಾಯಿ ಹೆಕ್ಕಲಿಕ್ಕೂ ಹೊಳೆಗೆ ಇಳಿಯುವುದಿಲ್ಲ. ಕೆಸರಿನಲ್ಲಿ ಸಿಗುವ ಆ ಚಿಪ್ಪುಮೀನನ್ನು ಹೆಕ್ಕುವುದು ನೀರು ಪೂರ್ತಿ ಇಳಿದಾಗ ಮಾತ್ರ.

ನಾವಿಬ್ಬರೂ ನಡೆದ ಜಾಗಗಳು ಸುಂದರವಾಗಿದ್ದವು ಎಂದು ಬರೆದರೆ ಸುಳ್ಳಾಗುತ್ತದೆ. ಕಾಪುವಿನ ಹತ್ತಿರ ಕೊಕ್ಕರೆ ನೋಡಲು ಹೋದ ಗದ್ದೆಗೆ ಮುಂದಿನ ವರ್ಷ ಕೆಂಪು ಮಣ್ಣು ತುಂಬಿತ್ತು. ಹಿನ್ನೀರಿನಲ್ಲಿ ಬೇರು ಹರಡಿ ನಿಂತ ಕಾಂಡ್ಲಾ ಗಿಡಗಳಿಗೆ ಮಕ್ಕಳ ಡಯಾಪರ್ ಸಿಕ್ಕಿಕೊಂಡಿರುತ್ತಿತ್ತು. ನಾನು ಬೈಯುತ್ತಾ ನಡೆಯುತ್ತಿದ್ದೆ, ಅವಳು ಕೇಳಿ ನಗುತ್ತಾ ನಡೆಯುತ್ತಿದ್ದಳು. "ನಿಮ್ಮ ಬಾಯಿಗೆ ಒಂದು ಬ್ಯಾಂಡೇಜ್ ಹಾಕಬೇಕು ಮಾರಾಯ್ರೆ" ಎನ್ನುತ್ತಿದ್ದಳು. ನನಗೆ ಅವಳಷ್ಟು ಹತ್ತಿರದವರು ಬೇರೆ ಯಾರೂ ಇರಲಿಲ್ಲ.

ಕಟಪಾಡಿಯಿಂದ ಸರ್ವಿಸ್ ಬಸ್ಸಿನಲ್ಲಿ ಹೋಗಿ ಇಳಿದರೆ, ಗದ್ದೆಕಟ್ಟದ ಮೇಲೆ ಅರ್ಧ ಗಂಟೆಯ ನಡಿಗೆ. ಅಲ್ಲಿ ಹೊಳೆ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ. ನೀರು ಇಳಿದಾಗ ನಡುವೆ ಒಂದು ಮರಳದಿಬ್ಬ ಏಳುತ್ತದೆ. ಮೊದಲ ವರ್ಷ ಅವಳಿಗೆ ಜ್ವರ ಬಂದಿದ್ದರಿಂದ ನಾನೊಬ್ಬಳೇ ಹೋಗಿದ್ದೆ. ಹತ್ತಾರು ಹೆಂಗಸರು ಸೀರೆ ಎತ್ತಿ ಕಟ್ಟಿ ಮರುವಾಯಿ ಹೆಕ್ಕುತ್ತಿದ್ದರು. ಅವರ ಹಿಂದೆ ನಾನೂ ಹೊಳೆ ದಾಟಿ ದಿಬ್ಬ ಹತ್ತಿದೆ. ನೂರಾರು ಹಕ್ಕಿ. ಮನೆಗೆ ಬಂದು ಬರೆದೆ: "ಕುಂಭ ಮಾಸ, ದಿನ ೧೨. ಹತ್ತು ಗಂಟೆಗೆ ದಿಬ್ಬ ಬಯಲು. ಹನ್ನೆರಡರವರೆಗೂ ನೀರು ಮೊಣಕಾಲಿಗಿಂತ ಕೆಳಗೆ. ಒಂದು ಗಂಟೆಯ ಬಸ್ಸು ಸಿಗುತ್ತದೆ." ಕೆಳಗೆ ಗೆರೆಯನ್ನೂ ಎಳೆದೆ.

ಮರುವರ್ಷ ಅದನ್ನು ಅವಳಿಗೆ ತೋರಿಸಬೇಕೆಂದು ಅದೇ ಕುಂಭ ಮಾಸದ ಹನ್ನೆರಡಕ್ಕೆ, ಅದೇ ಬಸ್ಸಿಗೆ ಹೊರಟೆವು. ದಡಕ್ಕೆ ಬಂದಾಗ ಹತ್ತು ಗಂಟೆ. ಹೆಂಗಸರು ಯಾರೂ ಇರಲಿಲ್ಲ. ದಿಬ್ಬ ಸಣ್ಣದಾಗಿ ಕಂಡಿತು. ಅವಳು ಚಪ್ಪಲಿ ಕಳಚದೆ ನಿಂತಳು.

"ಮರುವಾಯಿ ಹೆಕ್ಕುವವರು ಒಬ್ಬರೂ ಇಲ್ಲವಲ್ಲ. ಟೀಚರ್, ಇವತ್ತು ತಿಥಿ ಎಂತ?"

ನಾನು ಪುಸ್ತಕ ತೆಗೆದು ಅವಳ ಮೂಗಿನ ಮುಂದೆ ಹಿಡಿದೆ. "ಎಂತ ತಿಥಿ ಸಿಸ್ಟರ್? ಹೋದ ವರ್ಷ ಇದೇ ದಿನ, ಇದೇ ಗಂಟೆ ಬರೆದಿಟ್ಟಿದ್ದೇನೆ. ನೋಡಿ, ಹನ್ನೆರಡು ಸಲುವ."

ಅವಳು ಓದಿದಳು. ಒಂದು ಸಲ ನೀರಿನ ಕಡೆ ನೋಡಿದಳು. "ಲೆಕ್ಕದ ಟೀಚರ್ ಹತ್ತಿರ ವಾದ ಉಂಟಾ?" ಎಂದು ನಕ್ಕು ಚಪ್ಪಲಿ ಕಳಚಿದಳು.

ಹೋಗುವಾಗ ನೀರು ಮೊಣಕಾಲು ಮುಟ್ಟಿತು. ಮುಕ್ಕಾಲು ಗಂಟೆ ಹಕ್ಕಿ ನೋಡುತ್ತಾ ಕುಳಿತೆವು. ಏಳುವಾಗ ದಿಬ್ಬ ಇನ್ನೂ ಕಿರಿದಾಗಿತ್ತು. "ಇಳಿಯುವ ನೀರು ಇಷ್ಟಿರಬಾರದು" ಎಂದಳು. ಹತ್ತು ನಿಮಿಷ ಕಾಯೋಣ, ಇಳಿದೇ ಇಳಿಯುತ್ತದೆ ಎಂದು ನಾನೇ ಹೇಳಿದೆ. ಅವಳು ಒಂದು ಕೋಲನ್ನು ನೀರಂಚಿನಲ್ಲಿ ಊರಿದಳು. ಹತ್ತು ನಿಮಿಷಕ್ಕೆ ಕೋಲಿನ ಬುಡ ನಾಲ್ಕು ಬೆರಳು ಮುಳುಗಿತ್ತು.

"ಟೀಚರ್, ಇದು ಏರುವ ನೀರು."

ನನಗೆ ಈಜು ಬಾರದು. ಗದ್ದೆಯಲ್ಲಿ ಬೆಳೆದವಳಿಗೆ ಈಜು ಕಲಿಸಿದವರಿಲ್ಲ. ಕೂಗಿದೆವು, ದಡದಲ್ಲಿ ಜನ ಇರಲಿಲ್ಲ. ಫೋನಿನಲ್ಲಿ ಸಿಕ್ಕವರು ಬರಬೇಕಾದರೆ ಉಡುಪಿಯಿಂದ ಬರಬೇಕಿತ್ತು. ಅವಳು ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. "ನೀವು ಇಲ್ಲಿಂದ ಅಲುಗಬೇಡಿ. ಆಚೆ ಮನೆಯಿಂದ ದೋಣಿ ತರುತ್ತೇನೆ" ಎಂದಳು. ಆಸ್ಪತ್ರೆಯಲ್ಲಿ ನನ್ನನ್ನು ಎಬ್ಬಿಸಿದ ದನಿಯೇ ಅದು. ನಾನು ಬೇಡ ಎನ್ನಲಿಲ್ಲ. ಹೆದರಿದ್ದೆ, ಅವಳು ಹೋಗಲಿ ಎಂದೇ ಮನಸ್ಸಿನಲ್ಲಿತ್ತು.

ಅರ್ಧ ದಾರಿಯವರೆಗೆ ನಡೆದಳು, ಎದೆಮಟ್ಟವಾದಾಗ ಈಜಿದಳು. ಸೆಳೆತ ಅವಳನ್ನು ಓರೆಯಾಗಿ ಮೇಲಕ್ಕೆ, ಕಡಲಿನಿಂದ ಊರಿನ ಕಡೆಗೆ ಒಯ್ಯತೊಡಗಿತು. ಒಂದು ಸಲ ಕೈ ಎತ್ತಿದಳು. ಕಾಂಡ್ಲಾ ಗಿಡಗಳ ತಿರುವಿನಲ್ಲಿ ಮತ್ತೆ ಕಾಣಲಿಲ್ಲ. ಬಲೆ ಬಿಡಲು ಬಂದ ಇಬ್ಬರು ನನ್ನ ಕಿರುಚಾಟ ಕೇಳಿ ದೋಣಿ ತಂದಾಗ ದಿಬ್ಬದ ಮೇಲೆ ನಾನು ತೊಡೆಯುದ್ದ ನೀರಿನಲ್ಲಿ ಎರಡೂ ಬ್ಯಾಗು ತಲೆಯ ಮೇಲೆ ಹೊತ್ತು ನಿಂತಿದ್ದೆ. ಅವಳು ಸಂಜೆ ಸಿಕ್ಕಿದಳು, ಬೇರುಗಳ ನಡುವೆ.

ವಾರ ಕಳೆದ ಮೇಲೆ ಎರಡು ವರ್ಷದ ಕ್ಯಾಲೆಂಡರುಗಳನ್ನು ಮೇಜಿನ ಮೇಲೆ ಹರಡಿದೆ. ಮೊದಲ ವರ್ಷದ ಆ ದಿನ ಅಷ್ಟಮಿ. ಎರಡನೆಯ ವರ್ಷದ ಆ ದಿನ ಹುಣ್ಣಿಮೆ ಕಳೆದು ನಾಲ್ಕನೆಯ ದಿನ. ನೀರು ಬೆಳಿಗ್ಗೆ ಎಂಟಕ್ಕೇ ಇಳಿದು ಮುಗಿದಿತ್ತು. ಹೆಂಗಸರು ಹೆಕ್ಕಿ ಮನೆಗೆ ಹೋಗಿದ್ದರು. ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು ಎಂದು ಎಷ್ಟು ತರಗತಿಗಳಲ್ಲಿ ಬೋರ್ಡಿನ ಮೇಲೆ ಬರೆದಿದ್ದೇನೋ. ಕಲಿಸಿದ್ದು ಮಕ್ಕಳಿಗೆ, ನನಗಲ್ಲ.

ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮಲ್ಪೆಗೆ ಹೋಗಿ ಅವಳ ತಾಯಿಯ ಹತ್ತಿರ ಕೂರುತ್ತಿದ್ದೆ. ಅವರು ಮಗನ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಮಗಳನ್ನು ಬೈಯುತ್ತಿದ್ದರು. ಅತ್ತದ್ದು ನಾನು ನೋಡಲಿಲ್ಲ. "ತಿಥಿ ನೋಡದೆ ನೀರಿಗಿಳಿದಳು. ಮಣಿಪಾಲದ ಗುಡ್ಡ ಹತ್ತಿದ ಮೇಲೆ ಹುಟ್ಟಿದ ಮನೆ ಮರೆತಳು. ಹೊಟ್ಟೆಯಲ್ಲಿಟ್ಟುಕೊಂಡ ನನಗೇ ನಾಚಿಕೆ." ಸೊಸೆ ತಂದುಕೊಟ್ಟ ಚಹಾ ಕುಡಿಯುತ್ತಾ ನಾನು ಹೂಂ ಎನ್ನುತ್ತಿದ್ದೆ. ನಿಜ ಹೇಳಿದರೆ ಆ ಬೈಗುಳ ನನಗೆ ನೆರಳಿನ ಹಾಗಿತ್ತು, ಅದರ ಕೆಳಗೆ ನಾನು ಸುಖವಾಗಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಹನ್ನೊಂದನೆಯ ತಿಂಗಳು ಹೋದಾಗ ಪಕ್ಕದ ಮನೆಯ ಹೆಂಗಸು ಮಗಳನ್ನು ಗದರಿಸುತ್ತಿದ್ದಳು: "ತಿಥಿ ಕೇಳದೆ ಹೊಳೆಗೆ ಹೋಗ್ತೀಯಾ? ಆ ನರ್ಸಮ್ಮನ ಹಾಗೆ ಆಗಬೇಕಾ ನಿನಗೆ?" ಜಗಲಿಯಲ್ಲಿದ್ದ ತಾಯಿಗೆ ಅದು ಕೇಳಿಸಿತು. ಅವರು ತಲೆ ತಗ್ಗಿಸಿದರು. ಅಲ್ಲಿಯವರೆಗೆ ತಡೆದಿದ್ದ ನನಗೆ ಅದನ್ನು ನೋಡಲಾಗಲಿಲ್ಲ.

"ಅಮ್ಮ, ಅವಳು ಕೇಳಿದ್ದಳು" ಎಂದೆ.

"ಎಂತ?"

"ತಿಥಿ. ನೀರಿಗಿಳಿಯುವ ಮೊದಲು. ‘ಟೀಚರ್, ಇವತ್ತು ತಿಥಿ ಎಂತ’ ಅಂತ."

"ನೀವು ಎಂತ ಹೇಳಿದಿರಿ?"

ಹೇಳಿದೆ. ಪುಸ್ತಕ, ಗೆರೆ, ಹನ್ನೆರಡು ಸಲುವ, ಎಲ್ಲ ಹೇಳಿದೆ. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವರು ನೀನು ಎಂದರು.

"ಹನ್ನೊಂದು ತಿಂಗಳು ನಾನು ನನ್ನ ಮಗಳನ್ನು ಬೈದೆ. ನೀನು ಇಲ್ಲಿಯೇ ಕೂತು ಚಹಾ ಕುಡಿದಿ."

ಗೋಡೆ ಹಿಡಿದು ಎದ್ದು ನನ್ನ ಮಣಿಕಟ್ಟು ಹಿಡಿದರು. ಎಂಬತ್ತು ದಾಟಿದ ಕೈ, ಬಿಡಿಸಿಕೊಳ್ಳಲಾಗದಷ್ಟು ಬಲವಿತ್ತು. "ನನಗೆ ಹೇಳಿದರೆ ಸಾಲದು. ಬಾ." ಮೊದಲು ಪಕ್ಕದ ಮನೆ. ಆಮೇಲೆ ಬಲೆ ಹೆಣೆಯುತ್ತಾ ಕುಳಿತಿದ್ದವರ ಚಪ್ಪರ. ಆಮೇಲೆ ಓಣಿಯ ಒಂದೊಂದೇ ಬಾಗಿಲು. ಪ್ರತಿ ಬಾಗಿಲಲ್ಲೂ "ಹೇಳು" ಎನ್ನುತ್ತಿದ್ದರು, ನಾನು ಮೊದಲಿನಿಂದ ಹೇಳುತ್ತಿದ್ದೆ. ಸಣ್ಣ ದನಿಯಲ್ಲಿ ಹೇಳಿದರೆ ಕೈ ಜಗ್ಗುತ್ತಿದ್ದರು. ಕೇಳಿದವರು ನನ್ನನ್ನು ಬಿಟ್ಟು ತಾಯಿಯ ಕಡೆ ತಿರುಗುತ್ತಿದ್ದರು. "ಕೇಳಿದ್ದಳಂತಲ್ಲ, ಪಾಪ" ಎನ್ನುತ್ತಿದ್ದರು. ಪ್ರತಿ ಸಲವೂ ಅವರು, "ಹೌದು, ಕೇಳಿದ್ದಳು, ನನ್ನ ಮಗಳು ಕೇಳಿದ್ದಳು" ಎನ್ನುತ್ತಿದ್ದರು.

ಓಣಿ ಮುಗಿದು ರಸ್ತೆ ಬಂದಲ್ಲಿ ನನ್ನ ಕೈ ಬಿಟ್ಟರು. ಉಸಿರು ಸುಧಾರಿಸಿಕೊಂಡು ಹೇಳಿದರು:

"ಇನ್ನು ನೀನು ಬರುವುದು ಬೇಡ ಟೀಚರ್. ಬೈಯಲಿಕ್ಕೆ ನನಗೆ ಈಗ ನೀನು ಸಿಕ್ಕಿದಿ. ಇಲ್ಲಿಂದಲೇ ಬೈಯುತ್ತೇನೆ. ಅವಳಿಗೆ ಇನ್ನಾದರೂ ನಾನು ಅಳಬೇಕು."

ಉಡುಪಿಯ ಬಸ್ಸು ಬಂದು ನಿಂತಿತು. ಹತ್ತಿ ಕುಳಿತು ಕಿಟಕಿಯಿಂದ ನೋಡಿದಾಗ ಅವರು ಓಣಿಯ ಬಾಯಲ್ಲಿ ನೆಲದ ಮೇಲೆ ಕುಳಿತು, ಸೆರಗನ್ನು ಬಾಯಿಗೊತ್ತಿಕೊಂಡು ಅಳುತ್ತಿದ್ದರು.