ಶುಂಠಿ ಚಾದೊಳಗಿನ ಕಹಿ

ಸದಾ, ನಿನ್ನ ನಾಲಿಗೆ ಕೆಟ್ಟಿರಲಿಲ್ಲ. ಚಾ ನಿಜವಾಗಿಯೂ ಕಹಿಯಾಗಿತ್ತು. ಅದರಲ್ಲಿ ನಿನ್ನ ಮಾತ್ರೆಯನ್ನು ಪುಡಿಮಾಡಿ ಬೆರೆಸುತ್ತಿದ್ದವಳು ನಾನು — ನಿನ್ನ ಒಡಹುಟ್ಟಿದ ಅಕ್ಕ. ಇಷ್ಟು ವರ್ಷ ಇದನ್ನು ನಿನ್ನಿಂದ ಮುಚ್ಚಿಟ್ಟೆ.

ಮೊದಲಿನ ದಿನಗಳು ನೆನಪಾಗುತ್ತವೆ. ಆಂಟಾಪ್ ಹಿಲ್‌ನ ಈ ಒಂದೇ ಕೋಣೆಯ ಮನೆ, ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ನಿನ್ನ ಬಿಳಿ ಬನಿಯನ್, ಎಷ್ಟು ಒಗೆದರೂ ಅದನ್ನು ಬಿಡದ ಇಂಗಿನ ವಾಸನೆ. ಕುರ್ಲಾ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಸಾಂಬಾರು ನಿನ್ನದು. ಬೆಳಿಗ್ಗೆ ಶಟರ್ ಎತ್ತುವ ಮೊದಲು ನೀನು ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು, ಕಣ್ಣು ಮುಚ್ಚಿ ನೆಕ್ಕಿ, ತಲೆಯಾಡಿಸಬೇಕು. ಆಮೇಲೆಯೇ ಅದು ಹೊರಗೆ ಹೋಗುವುದು. ಧಣಿಗಳೂ ಕಾಯುತ್ತಿದ್ದರು. ರಜೆಯ ದಿನ ಮನೆಯಲ್ಲೂ ಅದೇ ಠೀವಿ. "ಅಕ್ಕ, ಕೊತ್ತಂಬರಿ ಸ್ವಲ್ಪ ಜಾಸ್ತಿ ಹುರಿದಿದ್ದೀ ಅಲ್ವಾ?" ಎಂದು ನೀನು ಕೇಳಿದರೆ ನನಗೆ ಸಿಟ್ಟೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಅಮ್ಮ ತೀರಿಹೋದ ಮೇಲೆ ಅವಳ ಕೈರುಚಿ ಉಳಿದಿದ್ದರೆ ಅದು ನಿನ್ನ ನಾಲಿಗೆಯಲ್ಲಿ ಮಾತ್ರ.

ಆಮೇಲೆ ಕಾಯಿಲೆ ಬಂತು. ಮನಸ್ಸಿನ ಕಾಯಿಲೆ ಎಂದರೆ ಜನ ಏನೇನೋ ಊಹಿಸುತ್ತಾರೆ. ನಮ್ಮ ಮನೆಗೆ ಅದು ಸಿಟ್ಟಾಗಿ ಬಂತು. ಕುಕ್ಕರಿನ ಸೀಟಿ ನಿನಗೆ ಆಗದು, ಲೋಟ ನೆಲಕ್ಕಿಟ್ಟ ಸದ್ದು ಆಗದು, ನಾನು ಚಪ್ಪಲಿ ಎಳೆದು ನಡೆದರೂ ಆಗದು. ನೀನು ಕೂತಲ್ಲಿ ಕೂರಲಾರೆ — ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕಿರುಚಾಟ ಮುಗಿದ ಮೇಲೆ ಮೂಲೆಯಲ್ಲಿ ಕೂತು, "ಮೈಯೊಳಗೆ ಇರುವೆ ಹರಿದ ಹಾಗೆ ಆಗ್ತದೆ ಅಕ್ಕ, ನಾನು ಬೇಕೂಂತ ಮಾಡುದಲ್ಲ" ಎನ್ನುತ್ತಿದ್ದೆ. ನಾನು ನಂಬುತ್ತಿದ್ದೆ. ನಂಬಿದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಮರುದಿನ ಮತ್ತೆ ಲೋಟವನ್ನು ಸದ್ದಾಗದಂತೆ, ಉಸಿರು ಹಿಡಿದು ಇಡುತ್ತಿದ್ದೆ.

ಡಾಕ್ಟರು ಕೊಟ್ಟ ಮಾತ್ರೆಗಳನ್ನು ನೀನು ಮುಟ್ಟಲಿಲ್ಲ. "ಇನ್ನೊಮ್ಮೆ ಕರೆದುಕೊಂಡು ಬನ್ನಿ, ನಾನೇ ಮಾತಾಡುತ್ತೇನೆ. ಅವರಿಗೆ ಗೊತ್ತಿಲ್ಲದಂತೆ ಮಾತ್ರ ಕೊಡಬೇಡಿ" ಎಂದಿದ್ದರು ಅವರು. ತಲೆಯಾಡಿಸಿ ಬಂದವಳು ಶುಂಠಿ ಜಜ್ಜುವ ಕಲ್ಲಿನಲ್ಲೇ ಮಾತ್ರೆಯನ್ನೂ ಜಜ್ಜಿದೆ. ಶುಂಠಿ ಹೆಚ್ಚು, ಸಕ್ಕರೆ ಹೆಚ್ಚು. ಒಂದು ತೊಟ್ಟು ನೆಕ್ಕಿ ಹಂಡೆ ಸಾಂಬಾರಿಗೆ ತೀರ್ಪು ಕೊಡುವವನನ್ನು ಸಕ್ಕರೆಯಿಂದ ಮರುಳು ಮಾಡಹೊರಟೆನಲ್ಲ — ನನ್ನ ಬುದ್ಧಿಗಿಷ್ಟು.

ಮೊದಲ ಗುಟುಕಿಗೇ ನೀನು ಮುಖ ಸಿಂಡರಿಸಿದೆ. "ಎಂತ ಅಕ್ಕ, ಚಾ ಕಹಿ ಉಂಟಲ್ಲ?"

"ನನಗೆಂತದೂ ಗೊತ್ತಾಗುದಿಲ್ಲಪ್ಪ," ಎಂದೆ, ನನ್ನ ಲೋಟದಿಂದ ಕುಡಿಯುತ್ತ. "ನಿನ್ನ ನಾಲಿಗೆಯೇ ಸರಿ ಇಲ್ಲ ಮಾರಾಯ. ಹುಷಾರಿಲ್ಲ ಅಲ್ವಾ ನಿಂಗೆ."

ಎಷ್ಟು ಸಲೀಸಾಗಿ ಬಂತು ಆ ಮಾತು. ನೀನು ಎರಡು ಮೂರು ಸಲ ಜಗಳವಾಡಿದೆ, ಆಮೇಲೆ ನಂಬಿದೆ. ಕಾಯಿಲೆ ಬಿದ್ದವನಿಗೆ ತನ್ನ ಮೇಲೆ ಉಳಿದಿರುವ ನಂಬಿಕೆಯೇ ಚೂರು. ಅದನ್ನೂ ನಾನು ಕಿತ್ತುಕೊಂಡೆ.

ಕ್ರಮೇಣ ಮನೆ ತಣ್ಣಗಾಯಿತು. ಪಕ್ಕದ ಮನೆಯ ಕಾಕೂ ಬಾಗಿಲಲ್ಲಿ ಇಣುಕಿ, "ಭಾಊ ಆತಾ ಶಾಂತ್ ಝಾಲಾ ನಾ?" ಎಂದು ಮರಾಠಿಯಲ್ಲಿ ಕೇಳಿ ಖುಷಿಪಟ್ಟಳು. ಹೌದು, ನೀನು ಶಾಂತನಾಗಿದ್ದೆ. ಆದರೆ ಹೋಟೆಲಿನಲ್ಲಿ ಅಂಗೈಯನ್ನು ಮತ್ತೆ ಮತ್ತೆ ನೆಕ್ಕಿ, ಉಪ್ಪು ಸರಿಯಾಯಿತೇ ಎಂದು ಪಾತ್ರೆ ತೊಳೆಯುವವರನ್ನೂ ಕೇಳುತ್ತಿದ್ದೆಯಂತೆ. ಕೊನೆಗೆ ನೀನೇ ಧಣಿಗಳೆದುರು ನಿಂತು, "ನನ್ನ ನಾಲಿಗೆ ಹೋಗಿದೆ, ಬೇರೆ ಯಾರನ್ನಾದ್ರೂ ನೋಡಿ" ಎಂದು ಸೌಟು ಕೆಳಗಿಟ್ಟು, ತರಕಾರಿ ಹೆಚ್ಚುವಲ್ಲಿ ಹೋಗಿ ಕೂತೆ. ಆ ಸಂಜೆ ನನಗೆ ಅದನ್ನು ಹೇಳುವಾಗ ನಿನ್ನ ದನಿ ಒಂದಿಷ್ಟೂ ಏರಲಿಲ್ಲ. ನಾನು ಬಾಯಿ ತೆರೆದೆ — ಒಂದೇ ಮಾತು, ಹೇಳಿಬಿಡಬಹುದಿತ್ತು... ಹೇಳಿದರೆ ಔಷಧಿ ನಿಂತೀತೆಂಬ ಭಯ ಇದ್ದದ್ದು ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಆ ಮೌನ ಬೇಕಾಗಿತ್ತು, ಸದಾ. ನಿನ್ನ ನಾಲಿಗೆಗಿಂತ ಹೆಚ್ಚು ಬೇಕಾಗಿತ್ತು.

ಮುಂದೆ ನೀನಾಗಿಯೇ ಡಾಕ್ಟರ ಬಳಿ ಹೋದೆ, ನೀನಾಗಿಯೇ ಮಾತ್ರೆ ನುಂಗತೊಡಗಿದೆ. ಸಿಟ್ಟು ಪೂರ್ತಿ ಹೋಗಿಲ್ಲ. ಕೆಲವು ದಿನ ಎದ್ದ ಕೂಡಲೇ, "ಇವತ್ತು ಸರಿ ಇಲ್ಲ ಅಕ್ಕ, ಮಾತಾಡಿಸ್ಬೇಡ" ಎಂದು ಮೆಟ್ಟಿಲಿಳಿದು ಹೋಗುತ್ತೀ, ಹಗುರಾಗಿ ಬರುತ್ತೀ. ನೀನು ಮಾತ್ರೆ ನುಂಗತೊಡಗಿದಂದು ಕಲ್ಲಿನಲ್ಲಿ ಮತ್ತೆ ಬರಿಯ ಶುಂಠಿ ಜಜ್ಜಿ ಚಾ ಕೊಟ್ಟಾಗ, ಕಹಿ ಹೋಯಿತೆಂದು ನೀನು ಹೇಳಲೇ ಇಲ್ಲ. ನಾಲಿಗೆಯ ಮಾತು ಕೇಳುವುದನ್ನೇ ನೀನು ಬಿಟ್ಟಿದ್ದೆ.

ಇವತ್ತು ನಿನಗೆ ರಜೆ. ಬೆಳಿಗ್ಗೆ ನೀನು ಸಾಂಬಾರು ಕುದಿಸಿ, ಸೌಟನ್ನು ನನ್ನ ಕಡೆ ಚಾಚಿದೆ. "ಉಪ್ಪು ನೋಡು ಅಕ್ಕ. ನನಗೆಂತ ಗೊತ್ತಾಗ್ತದೆ." ನಾನು ಎಂದಿನಂತೆ ಅಂಗೈ ಒಡ್ಡಿದೆ. "ಸರಿ ಉಂಟು" ಎಂದೆ. ಬರಿಯ ಸರಿ ಅಲ್ಲ — ಅಮ್ಮನದೇ ರುಚಿ.

ನೀನೀಗ ಬಾಜಾರಿಗೆ ಹೋಗಿದ್ದೀ. ಬಂದಾಗ, ಚಾ ಕೊಡುವ ಮೊದಲು, ಇದನ್ನೆಲ್ಲ ನಿನ್ನ ಮುಖ ನೋಡಿ ಹೇಳುತ್ತೇನೆ. ನೀನು ಕಿರುಚಬಹುದು, ಲೋಟ ಎಸೆಯಬಹುದು. ಕಾಕೂ ಬಾಗಿಲಿಗೆ ಬಂದು ಮತ್ತೆ ಶುರುವಾಯಿತೇ ಎಂದು ಕೇಳಿದರೆ, ಇದು ಕಾಯಿಲೆಯ ಸಿಟ್ಟಲ್ಲ ಎಂದು ಅವಳಿಗೂ ಹೇಳುತ್ತೇನೆ.