ಮೊಮ್ಮಗಳನ್ನು ಸರ್ಕಸ್ಸಿನವರು ಬೇಡವೆಂದ ದಿನ

ನನ್ನ ಮೊಮ್ಮಗಳನ್ನು ಸರ್ಕಸ್ಸಿನವರು ಬೇಡವೆಂದುಬಿಟ್ಟರು! ಚಿಕ್ಕಮಗಳೂರಿನ ಮೈದಾನದಲ್ಲಿ, ಅಷ್ಟು ದೊಡ್ಡ ಡೇರೆಯ ಒಳಗೆ, ಎಲ್ಲರ ಎದುರಿಗೆ ಅವರ ಮಾಸ್ಟರ್ ಬಾಯಿಬಿಟ್ಟು ಹೇಳಿದರು, ಈ ಹುಡುಗಿ ನಮ್ಮ ಕೆಲಸಕ್ಕೆ ಬರುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು. ಮಂಡಿ ನೋವಿನ ಮುದುಕಿ ನಾನು. ಆದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ಒಂದೆರಡು ಹೆಜ್ಜೆ ಕುಣಿದೆ. ನನ್ನ ಮಗ ತಲೆ ತಗ್ಗಿಸಿದ. ಸೊಸೆ ಅತ್ತಳು. ಹುಡುಗಿಯ ಮುಖವಂತೂ ನೋಡಲು ಆಗುತ್ತಿರಲಿಲ್ಲ. ಅವರೆಲ್ಲರ ನಡುವೆ ನಾನೊಬ್ಬಳೇ ನಗುತ್ತಿದ್ದೆ. ಆ ದಿನದಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ ಎಂದರೆ ಸುಳ್ಳಲ್ಲ.

ಬೇಡವೆಂದದ್ದಕ್ಕೆ ಯಾಕಿಷ್ಟು ಸಂತೋಷ ಎಂದು ಕೇಳುವವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಹಗ್ಗದ ಮೇಲೆ ಆಡಿದವಳು. ನಮ್ಮದು ಸಣ್ಣ ಕಂಪನಿ. ಒಂದು ಹಳೇ ಲಾರಿ, ತೇಪೆ ಹಾಕಿದ ಡೇರೆ, ಎರಡು ಕುದುರೆ, ಒಂದು ಮುದಿ ಕರಡಿ. ಕಾಫಿ ಕೊಯ್ಲು ಮುಗಿದು ತೋಟದ ಜನರ ಕೈ ಸ್ವಲ್ಪ ಸಡಿಲವಾಗುವ ಹೊತ್ತಿಗೆ ನಾವು ಘಟ್ಟ ಹತ್ತಿ ಬರುತ್ತಿದ್ದೆವು. ಕಳಸ, ಸಂಸೆ, ಮೂಡಿಗೆರೆ, ಎಲ್ಲಿ ಒಂದಿಷ್ಟು ಸಮ ಜಾಗ ಸಿಕ್ಕಿತೋ ಅಲ್ಲಿ ಕಂಬ ನೆಡುತ್ತಿದ್ದೆವು. ಮೇಲಿನಿಂದ ಇಳಿಬಿಟ್ಟ ಹಗ್ಗವನ್ನು ಹತ್ತಿ, ಪಾದಕ್ಕೆ ಒಂದು ಸುತ್ತು ಕಟ್ಟಿಕೊಂಡು ತಲೆಕೆಳಗಾಗಿ ಜೋತು ಬಿದ್ದು, ಬಣ್ಣದ ಕಾಗದದ ಛತ್ರಿ ಬಿಚ್ಚುವುದು ನನ್ನ ಆಟ. ಕೆಳಗೆ ಬಲೆ ಇರಲಿಲ್ಲ. ಬಲೆ ಕೊಳ್ಳುವ ಶಕ್ತಿ ಯಜಮಾನರಿಗಿರಲಿಲ್ಲ. ಅದಕ್ಕಾಗಿ ನಮ್ಮ ಕಂಪನಿಗೆ ಒಂದೇ ಪಾಠ. ಒಂದು ಕೈ ಗಟ್ಟಿಯಾಗಿ ಹಿಡಿದ ಮೇಲೆಯೇ ಇನ್ನೊಂದು ಕೈ ತೆಗೆಯಬೇಕು. ಎರಡೂ ಕೈ ಒಟ್ಟಿಗೆ ಬಿಟ್ಟವರಿಗೆ, ಅದು ನೆಲದಿಂದ ಗೇಣು ಎತ್ತರದಲ್ಲೇ ಆಗಲಿ, ನಮಗೆ ಕಲಿಸಿದ ಮುದುಕಿ ಬೆತ್ತದಲ್ಲಿ ಬಾರಿಸುತ್ತಿದ್ದಳು. ಅವಳ ಬೆತ್ತದ ಹೆದರಿಕೆ ಮೈಗೆ ಹತ್ತಿ, ನಿದ್ದೆಯಲ್ಲೂ ನಾವು ಚಾಪೆಯ ಅಂಚು ಹಿಡಿದು ಮಲಗುತ್ತಿದ್ದೆವು.

ಒಂದು ವರ್ಷ ಮುಂಗಾರು ಬೇಗ ಬಂತು. ಮೂಡಿಗೆರೆಯಲ್ಲಿ ಡೇರೆ ಹರಿಯಿತು. ಯಜಮಾನರು ಕುದುರೆ ಮಾರಿ ಊರಿಗೆ ಹೋದವರು ತಿರುಗಿ ಬರಲಿಲ್ಲ. ನನ್ನ ಗಂಡ ಕಂಬ ನೆಡುವ ಕೆಲಸದವರು. ನಾವಿಬ್ಬರೂ ಮಕ್ಕಳನ್ನು ಕಟ್ಟಿಕೊಂಡು ಹತ್ತಿರದ ಎಸ್ಟೇಟಿನ ಆಳುಗಳ ಸಾಲುಮನೆ, ಕೂಲಿ ಲೈನಿನಲ್ಲಿ ಒಂದು ಕೋಣೆ ಹಿಡಿದೆವು. ಮಗ ಆಗ ಚಿಕ್ಕವನು, ಮಗಳು ಅವನಿಗಿಂತ ದೊಡ್ಡವಳು. ಮಗಳಿಗೆ ಹಗ್ಗವೆಂದರೆ ಪ್ರಾಣ. ಕೊಯ್ಲು ಮುಗಿದ ದಿನ ಕಾಫಿ ಒಣಗಿಸುವ ಕಣದ ಪಕ್ಕ, ಸಿಲ್ವರ್ ಮರಕ್ಕೆ ಹಗ್ಗ ಕಟ್ಟಿ ನಾವಿಬ್ಬರೂ ಆಡುತ್ತಿದ್ದೆವು. ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಆಳುಗಳು ಎಲ್ಲ ಸೇರಿ ನೋಡುತ್ತಿದ್ದರು. ಒಮ್ಮೆ ದೊಡ್ಡ ಸರ್ಕಸ್ಸಿನ ಏಜೆಂಟ್ ಒಬ್ಬರು ಅದನ್ನು ನೋಡಿದರು. ಎಪ್ಪತ್ತನೇ ಇಸವಿಯ ಆಚೀಚೆ ಇರಬೇಕು. ಮೂರು ಹೊತ್ತು ಊಟ, ಹೊಸ ಬಟ್ಟೆ, ಬಲೆಯ ಮೇಲೆ ಆಟ ಎಂದರು. ಬಲೆ ಎಂಬ ಮಾತು ಕೇಳಿ ನಾನು ಹೂಂ ಎಂದೆ. ಮಗಳು ಹೋದಳು. ಬೇಗನೆ ಜೋಕಾಲಿಯ ಆಟ ಕಲಿತಳಂತೆ. ಒಂದು ಜೋಕಾಲಿಯಿಂದ ಕೈಬಿಟ್ಟು ಗಾಳಿಯಲ್ಲಿ ಹಾರಿ, ಎದುರು ಜೋಕಾಲಿಯಲ್ಲಿ ತಲೆಕೆಳಗಾಗಿ ತೂಗುವವನ ಕೈ ಹಿಡಿಯುವ ಆಟ ಅದು.

ಎರಡು ಮಳೆಗಾಲ ಕಳೆದ ಮೇಲೆ ಆ ಕಂಪನಿಯ ಅಡುಗೆಯವನು ತನ್ನ ಊರಿಗೆ ಹೋಗುವ ದಾರಿಯಲ್ಲಿ ನಮ್ಮ ಲೈನು ಹುಡುಕಿಕೊಂಡು ಬಂದ. ಬಾಗಿಲಲ್ಲೇ ಕೂತ. ನೀರು ಕೊಟ್ಟರೆ ಕುಡಿಯಲಿಲ್ಲ. ಎದುರಿನವನ ಕೈಗೆ ಸಿಗದೆ ಹುಡುಗಿ ಬಿದ್ದಳು, ಬಲೆ ಹಳೆಯದು, ಹರಿಯಿತು ಎಂದ. ಭಾಷೆ ತಿಳಿಯದ ಯಾವುದೋ ದೂರದ ಊರು. ಎಲ್ಲಿ ಮಣ್ಣು ಮಾಡಿದರೋ ಅವನಿಗೂ ಗೊತ್ತಿರಲಿಲ್ಲ, ಅಷ್ಟು ಹೊತ್ತಿಗೆ ಡೇರೆ ಕಿತ್ತಾಗಿತ್ತಂತೆ. ನನ್ನ ಗಂಡ ಆ ಮೇಲೆ ಸರಿಯಾಗಿ ಉಣ್ಣಲೇ ಇಲ್ಲ. ಕೆಲವು ವರ್ಷ ಹಾಗೇ ತೆವಳಿ, ಒಂದು ಮಳೆಗಾಲದ ಜ್ವರದಲ್ಲಿ ಹೋದರು.

ಇಂಥ ಮನೆಯಲ್ಲಿ ಹುಟ್ಟಿದವಳು ನನ್ನ ಮೊಮ್ಮಗಳು, ಮಗನ ಮಗಳು. ಅವಳಿಗೆ ಹಗ್ಗ ತೋರಿಸಬಾರದೆಂದು ಆಣೆ ಮಾಡಿಕೊಂಡಿದ್ದೆ. ಆದರೆ ಹತ್ತುವ ಮಗುವನ್ನು ಯಾರು ಇಳಿಸುತ್ತಾರೆ? ಕಾಳುಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿಯ ತುದಿಯಲ್ಲಿ ಕೂತು ಕಾಲು ಆಡಿಸುತ್ತಿದ್ದಳು. ಮೇಸ್ತ್ರಿ ಕೂಗುತ್ತಿದ್ದರು, “ಅಜ್ಜೀ, ನಿಮ್ಮ ಮಂಗ ನೋಡಿ ಮತ್ತೆ ಮೇಲೆ!” ಹತ್ತುವವಳು ಹೇಗೂ ಹತ್ತುತ್ತಾಳೆ, ಹಿಡಿಯುವುದನ್ನಾದರೂ ಸರಿಯಾಗಿ ಕಲಿಯಲಿ ಎಂದು ಕೊನೆಗೆ ನಾನೇ ಹಗ್ಗ ಕಟ್ಟಿದೆ. ಅಂಗೈಗೆ ಒಲೆಯ ಬೂದಿ ಹಚ್ಚಿ, ನನಗೆ ಕಲಿಸಿದ ಹಾಗೆಯೇ ಕಲಿಸಿದೆ. ಒಂದು ಕೈ ಹಿಡಿದ ಮೇಲೆಯೇ ಇನ್ನೊಂದು. ಬೆತ್ತ ಹಿಡಿಯಲಿಲ್ಲ, ಅಷ್ಟೇ ವ್ಯತ್ಯಾಸ. ಅವಳೂ ನಾನೂ ಸೇರಿ ಸುತ್ತಲ ತೋಟದ ಕಣಗಳಲ್ಲಿ ಆಡಿದೆವು. ದೇವರಮನೆ ಊರಿನ ಕಡೆಯ ತೋಟದಿಂದಲೂ ಒಮ್ಮೆ ಕರೆ ಬಂದಿತ್ತು. ಲೈನಿನ ಬೇರೆ ಮಕ್ಕಳಿಗೂ ಕಲಿಸಲು ನೋಡಿದೆ. ಅಂಗೈ ಬೊಬ್ಬೆ ಬಂದ ಕೂಡಲೇ ಓಡಿಹೋದರು. ಇವಳೊಬ್ಬಳೇ ಉಳಿದವಳು.

ಎಂಬತ್ತನೇ ಇಸವಿ ದಾಟಿದ ಮೇಲೆ ನಮ್ಮ ದಿನಗಳು ಇನ್ನೂ ಕೆಟ್ಟವು. ಮರಗಸಿಯ ಕಾಲದಲ್ಲಿ, ನೆರಳಿನ ಮರದ ಕೊಂಬೆ ಕಡಿಯುತ್ತಿದ್ದಾಗ ನನ್ನ ಮಗ ಕೆಳಗೆ ಬಿದ್ದ. ಸೊಂಟ ಕೂಡಿಕೊಳ್ಳಲಿಲ್ಲ. ನೂರು ಗಜ ನಡೆದರೆ ಕುಳಿತುಕೊಳ್ಳಬೇಕು. ಗೇಟು ಕಾಯುವ ಕೆಲಸ ಕೊಟ್ಟರು, ಅದೂ ಕೊಯ್ಲಿನ ಕಾಲಕ್ಕೆ ಮಾತ್ರ. ಸೊಸೆ ಒಬ್ಬಳ ದುಡಿಮೆ. ಆಗಲೇ ಚಿಕ್ಕಮಗಳೂರಿಗೆ ದೊಡ್ಡ ಸರ್ಕಸ್ ಬಂದಿದೆ, ಹೊಸ ಹುಡುಗಿಯರನ್ನು ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು.

“ಅವ್ವ, ಕರ್ಕೊಂಡ್ ಹೋಗಿ ತೋರಿಸ್ತೀನಿ” ಎಂದ ಮಗ.

“ನಿನ್ನ ಅಕ್ಕ ಎಲ್ಲಿದಾಳೆ ಅಂತ ಹೇಳು, ಆಮೇಲೆ ಕರ್ಕೊಂಡ್ ಹೋಗು” ಎಂದೆ.

ಅವನು ಸೊಂಟ ನೀವಿಕೊಳ್ಳುತ್ತ ಗೋಡೆಗೆ ಒರಗಿದ. ಹುಡುಗಿ ಬಿಡಲಿಲ್ಲ. “ಅಜ್ಜಿ, ನೀನು ಛತ್ರಿ ಹಿಡ್ಕೊಂಡು ಊರೂರು ತಿರುಗಿದ್ದಲ್ದಾ? ನಾನು ಮಾತ್ರ ಇಲ್ಲಿ ಕಳೆ ಕೀಳ್ತಾ ಕೂರಬೇಕಾ?”

“ಕಳೆ ಕಿತ್ತವರು ಯಾರೂ ಸಾಯಲ್ಲ ಮಗಾ.”

“ಬದುಕೋದೂ ಇಲ್ಲ” ಎಂದಳು. ಹನ್ನೆರಡರ ಆಸುಪಾಸಿನ ಹುಡುಗಿ. ಸೊಸೆ ಒಲೆ ಊದುತ್ತಾ ನನ್ನ ಕಡೆಗೂ ನೋಡಲಿಲ್ಲ, ಗಂಡನ ಕಡೆಗೂ ನೋಡಲಿಲ್ಲ.

ಬೆಳಗಿನ ಬಸ್ಸಿಗೆ ಎಲ್ಲರೂ ಹೊರಟೆವು. ನಾನು ಬರುವುದಿಲ್ಲ ಎಂದವಳು ಕೊನೆಯ ಗಳಿಗೆಯಲ್ಲಿ ಕುಂಟುತ್ತಲೇ ಹೋಗಿ ಹತ್ತಿದೆ. ಹಿಂದೆ ಮಗಳನ್ನು ಕಳಿಸುವಾಗ ಬಸ್ಸಿನ ತನಕ ಕೂಡ ಹೋಗಿರಲಿಲ್ಲ, ಕಾಳುಮೆಣಸಿನ ಕೊಯ್ಲು ಇತ್ತು.

ಹಗಲಿನ ಡೇರೆ ಬೇರೆಯೇ. ದೀಪವಿಲ್ಲ, ಬ್ಯಾಂಡಿಲ್ಲ. ಲದ್ದಿಯ ವಾಸನೆ, ಹಗ್ಗಕ್ಕೆ ಒಣಹಾಕಿದ ಒದ್ದೆ ಸೀರೆಗಳು, ಮೂಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತ ಹುಡುಗಿಯರು. ಮಾಸ್ಟರ್ ನಡುವಯಸ್ಸಿನವರು, ಕನ್ನಡ ಎಳೆದೆಳೆದು ಮಾತಾಡುತ್ತಿದ್ದರು. ಮೊಮ್ಮಗಳ ಭುಜ, ಮಣಿಕಟ್ಟು, ಪಾದ ಒತ್ತಿ ನೋಡಿದರು. ಬೆನ್ನು ಹಿಂದಕ್ಕೆ ಬಗ್ಗಿಸಿದರು. ಹಗ್ಗ ಹತ್ತು ಎಂದರು.

ಅಯ್ಯೋ, ಹತ್ತಿದಳಲ್ಲ! ಕೂದಲು ಜಡೆಯಾಗಿ ಹೆಣೆದ ಹಾಗೆ ಕೈ ಮೇಲೆ ಕೈ. ತುದಿ ಮುಟ್ಟಿ, ಪಾದಕ್ಕೆ ಸುತ್ತು ಹಾಕಿ, ತಲೆಕೆಳಗಾಗಿ ಕೈ ಚಾಚಿದಳು. ಎಣ್ಣೆ ತಿಕ್ಕುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿ ನೋಡಿದರು. ಮಾಸ್ಟರ್ ಬಾಯಲ್ಲಿದ್ದ ಬೀಡಿ ತೆಗೆದು ನೆಲಕ್ಕೆ ಹಾಕಿದರು.

“ಯಾರು ಕಲಿಸಿದ್ದು?”

“ನನ್ನ ಅಜ್ಜಿ” ಎಂದಿತು ಮೇಲಿನಿಂದ ಒಂದು ಸ್ವರ.

ಮಗ ನನ್ನ ಭುಜ ಹಿಡಿದು ಅಲುಗಿಸಿದ, “ನೋಡಿದ್ರಾ ಅವ್ವ!” ಎಂದ. ಇವಳೂ ಹೋದಳು ಎಂದುಕೊಂಡೆ. ನಾನೇ ತಯಾರು ಮಾಡಿ ಕೊಟ್ಟ ಹಾಗಾಯಿತು. ದೇವರಿಗೆ ಹರಕೆ ಹೊರಲೂ ಮನಸ್ಸು ಬರಲಿಲ್ಲ, ಹಿಂದಿನ ಹರಕೆಗಳನ್ನು ಆತ ಏನು ಮಾಡಿದ ಎಂದು ನೋಡಿಯಾಗಿತ್ತು.

ಆಮೇಲೆ ಅವಳನ್ನು ಜೋಕಾಲಿಗೆ ಹತ್ತಿಸಿದರು. ಕೆಳಗೆ ಬಲೆ ಕಟ್ಟಿದ್ದರು. ಎದುರಿನ ಜೋಕಾಲಿಯಲ್ಲಿ ಹಿಡಿಯುವವನು ಮಂಡಿ ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತಿದ್ದ. ಇವಳು ಚೆನ್ನಾಗಿಯೇ ತೂಗಿದಳು. ಎದುರಿನವನು ಹತ್ತಿರ ಬಂದಾಗ ಮಾಸ್ಟರ್ ಕೂಗಿದರು, “ಬಿಡು!”

ಬಿಡಲಿಲ್ಲ. ಹಿಂದಕ್ಕೆ ಹೋದಳು, ಮತ್ತೆ ಮುಂದಕ್ಕೆ ಬಂದಳು.

“ಬಿಡಮ್ಮಾ, ಬಲೆ ಇದೆ!”

ಅವಳು ಬಿಡಲು ನೋಡುತ್ತಿದ್ದಳು. ಅದು ನನಗೆ ಕೆಳಗಿನಿಂದಲೇ ಕಾಣುತ್ತಿತ್ತು. ಬಾಯಿ ಕಚ್ಚಿ, ಕಣ್ಣು ಮುಚ್ಚಿ, ಮೈಯೆಲ್ಲ ಮುಂದಕ್ಕೆ ಎಸೆಯುತ್ತಿದ್ದಳು. ಒಂದು ಕೈ ಬಿಟ್ಟಿತು, ಇನ್ನೊಂದು ಬಿಡಲಿಲ್ಲ. ಎದುರಿನವನು ಬಿಟ್ಟ ಕೈಯನ್ನು ಹಿಡಿದೇ ಹಿಡಿದ. ಆದರೂ ಇವಳ ಎಡಗೈ ಜೋಕಾಲಿಯ ದಂಡಕ್ಕೆ ಅಂಟಿಕೊಂಡೇ ಇತ್ತು. ಎರಡು ಜೋಕಾಲಿಯ ನಡುವೆ ಒಗೆದ ಬಟ್ಟೆ ಹಿಂಡಿದ ಹಾಗೆ ಎಳೆದಾಡಿ, ಆ ಮನುಷ್ಯನೇ ಜಾರಿ ಬಲೆಗೆ ಬಿದ್ದ. ಹುಡುಗಿಯರು ಬಿದ್ದು ಬಿದ್ದು ನಕ್ಕರು.

“ಏನು ತಾಯೀ, ನನ್ನನ್ನೇ ಬೀಳಿಸಿದೆಯಲ್ಲ!” ಎಂದ ಅವನು, ಬಲೆಯಲ್ಲಿ ಮೀನಿನ ಹಾಗೆ ಹೊರಳುತ್ತ.

ಮಾಸ್ಟರ್ ಅವಳನ್ನು ಇಳಿಸಿ, ಗಿಡ್ಡ ಕಂಬದ ದಂಡಕ್ಕೆ ಜೋತು ಬೀಳಿಸಿದರು. ಕೆಳಗೆ ಹುಲ್ಲಿನ ಹಾಸಿಗೆ. ಗೇಣು ಎತ್ತರ. ಎರಡೂ ಕೈ ಬಿಡು ಎಂದರು. ಅವಳು ಕಾಲಿನ ಹೆಬ್ಬೆರಳು ಚಾಚಿ ಚಾಚಿ, ನೆಲ ಮುಟ್ಟಿದ ಮೇಲೆಯೇ ಕೈ ತೆಗೆದಳು. ಮತ್ತೆ ಮಾಡಿಸಿದರು. ಮತ್ತೆ ಹಾಗೆಯೇ. ನಮ್ಮ ಕಂಪನಿಯ ಆ ಮುದುಕಿಯ ಬೆತ್ತ ಎರಡು ತಲೆಮಾರು ದಾಟಿ ಈ ಹುಡುಗಿಯ ಬೆರಳಲ್ಲಿ ಕೂತಿತ್ತು. ನನ್ನ ಮಗಳು ಅದನ್ನು ಹೇಗೆ ಮರೆತಳೋ ನನಗೆ ಇವತ್ತಿಗೂ ತಿಳಿಯದು.

ಮಾಸ್ಟರ್ ನನ್ನ ಹತ್ತಿರ ಬಂದರು. “ನೀವು ಬಲೆ ಇಲ್ಲದ ಕಾಲದವರಾ ಅಮ್ಮಾ?”

“ಹೌದು ಸ್ವಾಮಿ.”

“ಹಗ್ಗದ ಆಟ ಈಗ ಯಾರೂ ನೋಡಲ್ಲ. ಜನಕ್ಕೆ ಹಾರೋದು ಬೇಕು. ಏನೂ ಬರದ ಮಗು ತಂದಿದ್ರೆ ಕಲಿಸ್ತಿದ್ದೆ. ಇವಳಿಗೆ ಬಂದಿರೋದನ್ನ ಮರೆಸೋದು ನನ್ನಿಂದ ಆಗಲ್ಲ. ಕರ್ಕೊಂಡ್ ಹೋಗಿ.”

ಆಗಲೇ ನಾನು ಕುಣಿದದ್ದು.

ತಿರುಗಿ ಬರುವ ಬಸ್ಸಿನಲ್ಲಿ ಹುಡುಗಿ ಬೇರೆ ಸೀಟಿನಲ್ಲಿ ಕೂತಳು. ಮಗ ಕಿಟಕಿಯಾಚೆ ನೋಡುತ್ತಿದ್ದ. ನನ್ನ ಬಾಯಿಗೆ ಬೀಗವಿರಲಿಲ್ಲ. ವಸ್ತಾರೆ ದಾಟುವಷ್ಟರಲ್ಲಿ ಕಂಡಕ್ಟರಿಗೂ ಹೇಳಿಯಾಗಿತ್ತು.

“ಬೇಡ ಅಂದಿದ್ದಕ್ಕೆ ಇಷ್ಟು ಖುಷೀನಾ ಮಾರಾಯ್ತಿ? ತಗೊಂಡಿದ್ರೆ ಬಸ್ಸನ್ನೇ ಕೊಂಡ್ಕೊಳ್ತಿದ್ರೇನೋ!” ಎಂದ ಅವನು. ಬಸ್ಸು ನಕ್ಕಿತು. ನಮ್ಮವರು ಯಾರೂ ನಗಲಿಲ್ಲ.

ಮೂಡಿಗೆರೆಯಲ್ಲಿ ಇಳಿದು ಒಣಮೀನು ಕೊಂಡೆ. ಲೈನಿನಲ್ಲಿ ಪಕ್ಕದ ಮನೆಯವಳು, “ಏನ್ ಅಜ್ಜಿ, ಮಗೂನ ಬಿಟ್ಟು ಬಂದ್ರಾ?” ಎಂದಳು. “ವಾಪಸ್ ತಂದೆ ಕಣೇ, ವಾಪಸ್ ತಂದೆ!” ಎಂದು ಕೂಗಿದೆ. ಅವಳು ಪಾಪ, ಸಾಂತ್ವನ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು.

ಒಳಗೆ ಬಂದ ಮೇಲೆ ಹುಡುಗಿ ಮೊದಲ ಸಲ ಮಾತಾಡಿದಳು. “ನೀನೇ ನನ್ನನ್ನ ಹಾಳು ಮಾಡಿದ್ದು ಅಜ್ಜಿ.”

“ಹೌದು ಮಗಾ” ಎಂದೆ. ಬೇರೆ ಏನು ಹೇಳಲಿ? ಬೇಕೆಂದು ಮಾಡಿದ್ದಲ್ಲ. ಬೇರೆ ಪಾಠ ನನಗೆ ಬರುತ್ತಿರಲಿಲ್ಲ.

“ಅಮ್ಮಾ, ನಾಳೆಯಿಂದ ನಾನೂ ತೋಟಕ್ಕಾ?”

“ಹೂಂ” ಎಂದಳು ಸೊಸೆ. ಮಕ್ಕಳ ಗ್ಯಾಂಗಿಗೆ ಕಳೆ ಕೆಲಸ ಕೊಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆ ದಿನದ ನಂತರ ಅವಳು ಹಗ್ಗ ಮುಟ್ಟಲಿಲ್ಲ. ನನ್ನ ಮಂಡಿ ಆಗಲೇ ಹೋಗಿತ್ತು. ಆ ಆಟ ಈ ಘಟ್ಟದಲ್ಲಿ ಅಲ್ಲಿಗೆ ಮುಗಿಯಿತು. ಮಗನ ಸೊಂಟವೂ ನೆಟ್ಟಗಾಗಲಿಲ್ಲ. ಒಳ್ಳೆಯದು ಏನಾದರೂ ಬಂತೇ ಎಂದರೆ, ಏನೂ ಬರಲಿಲ್ಲ. ಹುಡುಗಿ ಇದ್ದಳು, ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು. ಅವರಿಗೆ ಸಾಕಾಗಿತ್ತೇ ಎಂದು ನಾನು ಕೇಳಲಿಲ್ಲ.

ಆ ಸಂಜೆ ಇನ್ನೂ ಬೆಳಕಿರುವಾಗಲೇ ಊಟಕ್ಕೆ ಕೂತೆವು. ಅಕ್ಕಿ ರೊಟ್ಟಿ, ಒಣಮೀನಿನ ಸಾರು. ಬಡಿಸಿ ಆಮೇಲೆ ಉಣ್ಣುವ ಸೊಸೆಯನ್ನೂ ಅವತ್ತು ನಾನು ಕೈ ಹಿಡಿದು ಕೂರಿಸಿದೆ. ಹುಡುಗಿ ತಟ್ಟೆಯ ಮುಂದೆ ಕೈ ಮುಚ್ಚಿಕೊಂಡೇ ಕೂತಿದ್ದಳು. ಸಿಟ್ಟು ಎಂದುಕೊಂಡೆ. ಅವಳಪ್ಪ ಅವಳ ಮುಷ್ಟಿ ಬಿಡಿಸಿದಾಗ ಅಂಗೈ ಎರಡೂ ಸುಲಿದು ಕೆಂಪಾಗಿದ್ದವು. ಉಪ್ಪು ತಾಗಿದರೆ ಉರಿ. ಅವನು ರೊಟ್ಟಿ ಮುರಿದು, ಸಾರಿನಲ್ಲಿ ಅದ್ದಿ ಅವಳ ಬಾಯಿಗಿಟ್ಟ. ಮುಖ ತಿರುಗಿಸಿಕೊಂಡೇ ಅಗಿದಳು. ಎರಡನೆಯ ತುತ್ತಿಗೆ, “ಮುಳ್ಳು ಅಪ್ಪಾ” ಎಂದಳು. ಅವನು ಬೆರಳಿನಿಂದ ಮುಳ್ಳು ತೆಗೆದು ಬದಿಗಿಟ್ಟು, ಮುಂದಿನ ತುತ್ತು ಮಾಡಿದ. ಸೊಸೆ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಎಲ್ಲರೂ ಉಂಡೆವು.