ಗರಿ ಉದುರುವ ತಿಂಗಳು

ಉಮ್ಮರಬ್ಬನವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ನನಗೆ ಮಾತುಮಾತಿಗೂ ಬರುತ್ತದೆ. ಅದಕ್ಕೇ ಅವರ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂದಿರಬೇಕು. ಅವರನ್ನೇ ಕೇಳಿದರೆ ಎರಡು ಮಾತಿನಲ್ಲಿ ಮುಗಿಸಿ ಚಹಾಕ್ಕೆ ನೀರಿಡಲು ಎದ್ದು ಹೋಗುತ್ತಾರೆ.

ಅವರು ಉಳ್ಳಾಲದ ಕಡೆಯ ಬ್ಯಾರಿ. ಅಬುಧಾಬಿಯ ಒಬ್ಬ ದೊಡ್ಡ ಅರಬನ ಮನೆಯಲ್ಲಿ ಅಡುಗೆಯವರಾಗಿದ್ದರು. ಪರಿಚಯದವರೆಲ್ಲ ಅವರನ್ನು ಉಮ್ಮರಾಕ ಎನ್ನುತ್ತಿದ್ದರು, ಗದಗ ಜಿಲ್ಲೆಯ ಲಿಂಗಾಯತನಾದ ನಾನೂ ಹಾಗೇ ಕರೆಯಲು ಕಲಿತೆ. ನಾನು ದುಬೈನ ರಾಸ್ ಅಲ್ ಖೋರ್‌ನಲ್ಲಿ ಗಾಡಿ ಮೆಕ್ಯಾನಿಕ್. ಆ ಅರಬನ ಲ್ಯಾಂಡ್ ಕ್ರೂಸರುಗಳು ನಮ್ಮ ಗ್ಯಾರೇಜಿಗೇ ಬರುತ್ತಿದ್ದವು. ನನ್ನ ಕೈಗುಣ ಹಿಡಿಸಿ, ಡೇರೆ ಹಾಕಲು ದೂರ ಹೊರಟಾಗಲೆಲ್ಲ ನಮ್ಮ ಮಾಲೀಕನಿಗೆ ಹೇಳಿ ನನ್ನನ್ನೂ ಕರೆದೊಯ್ಯುತ್ತಿದ್ದ. ಮನೆಯ ಆಳುಕಾಳುಗಳೆಲ್ಲ ಅವನನ್ನು ಬಾಬಾ ಎನ್ನುತ್ತಿದ್ದರು. ನಮಗೂ ಅವನು ಬಾಬಾ.

ಉಮ್ಮರಾಕನ ತಂದೆಗೆ ಊರಲ್ಲಿ ಕೋಳಿ ಅಂಗಡಿ ಇತ್ತಂತೆ. ಚೂರಿ ಹಿಡಿಯುವುದನ್ನು ಕಲಿಸಿದ್ದು ತಂದೆ, ಯಾವಾಗ ಹಿಡಿಯಬಾರದು ಎಂದು ಕಲಿಸಿದ್ದೂ ತಂದೆಯೇ. ಕೊಯ್ಯುವ ಮೊದಲು ನೀರು ಕುಡಿಸಬೇಕು. ಚೂರಿ ಹಕ್ಕಿಯ ಕಣ್ಣಿಗೆ ಬೀಳಬಾರದು. ಒಂದರ ಎದುರು ಇನ್ನೊಂದನ್ನು ಕೊಯ್ಯಬಾರದು. ಕಾವಿಗೆ ಕೂತದ್ದನ್ನು ಮುಟ್ಟಲೇಬಾರದು. ಎಷ್ಟೇ ಅವಸರವಿದ್ದರೂ ಉಮ್ಮರಾಕ ಒಂದೊಂದು ಹಕ್ಕಿಯನ್ನೂ ಮಡಿಲಿಗೆ ತೆಗೆದುಕೊಂಡು, ಕಾಲು, ಎದೆ, ರೆಕ್ಕೆ ಸವರಿ ನೋಡಿ, ಆಮೇಲೆಯೇ ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳಿ ಕೊಯ್ಯುತ್ತಿದ್ದರು. ಮೊಟ್ಟೆಯನ್ನೂ ಮುಟ್ಟದ ನಾನು ಡೇರೆಯ ಇನ್ನೊಂದು ತುದಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಂಡು ಮುಖ ತಿರುಗಿಸಿ ಕೂರುತ್ತಿದ್ದೆ.

"ನೀನು ಹುಲ್ಲು ಮೇಯಿ ಮಾರಾಯ," ಎಂದು ಅವರು ನಗುತ್ತಿದ್ದರು.

"ನೀವು ಪಾಪಾ ಕಟ್ಕೋರಿ, ನಾ ಹುಲ್ಲು ಮೇಯ್ತೀನಿ," ಎಂದು ನಾನು ತಿರುಗಿ ಅನ್ನುತ್ತಿದ್ದೆ. ನಮ್ಮ ಸ್ನೇಹ ಬೆಳೆದದ್ದು ಹೀಗೆ.

ಈ ಕಥೆಗೆ ಬೇಕಾದ ಮುಖ್ಯ ಸಂಗತಿ ಅವರ ಹೆಂಡತಿ ಮರಿಯಮ್ ಬೀವಿಯದು. ಮದುವೆಯಾಗಿ ಇಪ್ಪತ್ತು ವರ್ಷವಾಗುತ್ತ ಬಂದರೂ ಆ ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ಎರಡು ವರ್ಷಕ್ಕೊಮ್ಮೆ ರಜೆ ಸಿಕ್ಕಾಗ ಮಾತ್ರ. ಅಡುಗೆಯವನ ವೀಸಾದಲ್ಲಿ ಹೆಂಡತಿಯನ್ನು ಕರೆಸಿಕೊಳ್ಳುವ ಹಾಗಿರಲಿಲ್ಲ. ಒಂದು ಹಬ್ಬದ ದಿನ ಬಿರಿಯಾನಿ ಉಂಡು ಖುಷಿಯಾದ ಬಾಬಾ, ಏನು ಬೇಕು ಕೇಳು ಎಂದ. ಉಮ್ಮರಾಕ ಕೇಳಿದ್ದು ಅದೊಂದನ್ನೇ. ಬಾಬಾ ತನ್ನ ಹೆಸರಿನಲ್ಲೇ ಬೀವಿಗೂ ವೀಸಾ ತೆಗೆಸಿ, ಮನೆಯ ಹಿತ್ತಲಿನ ಕೋಣೆಯೊಂದನ್ನು ಬಿಟ್ಟುಕೊಟ್ಟ. ತೊಂಬತ್ತೊಂಬತ್ತರ ಫೆಬ್ರುವರಿಯಲ್ಲಿ, ರಂಜಾನ್ ಕಳೆದು ಆಕೆ ಬಂದರು. ಉಮ್ಮರಾಕ ಆ ವಯಸ್ಸಿನಲ್ಲಿ ಹೊಸ ಮದುಮಗನಂತೆ ಅತ್ತರು ಹಚ್ಚಿಕೊಂಡು ತಿರುಗುತ್ತಿದ್ದುದನ್ನು ಕಂಡು ನಾನು ಬೇಕಾದಷ್ಟು ಗೇಲಿ ಮಾಡಿದ್ದೇನೆ. ಆದರೆ ಇಬ್ಬರ ವೀಸಾವೂ ಬಾಬಾನ ಕೈಯಲ್ಲಿತ್ತು. ಅವನು ಬೇಡ ಎಂದ ದಿನ ಇಬ್ಬರೂ ವಿಮಾನ ಹತ್ತಬೇಕು.

ಆ ವರ್ಷದ ಜುಲೈಯಲ್ಲಿ ಅಬುಧಾಬಿಯ ಬಿಸಿಲಿಗೆ ಬೇಸತ್ತು ಬಾಬಾ ಕಜಕಿಸ್ತಾನಕ್ಕೆ ಹೊರಟ. ಬೇಟೆಯ ಕಾಲವಲ್ಲ, ಸುಮ್ಮನೆ ತಂಪಿಗೆ. ಬೀವಿಯನ್ನು ಕೋಣೆಯಲ್ಲಿ ಬಿಟ್ಟು ಉಮ್ಮರಾಕ ಹೊರಟರು, ಜೊತೆಗೆ ನಾನು, ಬಾಬಾನ ತಮ್ಮ, ಗಿಡುಗ ಸಾಕುವ ಆಳುಗಳಲ್ಲಿ ಇಬ್ಬರು.

ಅಷ್ಟು ಬಯಲನ್ನು ನಾನು ಹಿಂದೆ ಕಂಡಿರಲಿಲ್ಲ. ಮರಳುಗಾಡು ಕಂಡಿದ್ದೆ, ನಮ್ಮ ಎರೆಹೊಲ ಕಂಡಿದ್ದೆ. ಇದು ಹುಲ್ಲಿನ ಬಯಲು, ಅಡ್ಡಕ್ಕೆ ಒಂದು ಗಿಡವಿಲ್ಲ, ಬೇಲಿಯಿಲ್ಲ. ದಿನವಿಡೀ ಗಾಡಿ ಓಡಿಸಿದರೂ ದಿಕ್ಕು ಬದಲಾಗಿದ್ದು ತಿಳಿಯುತ್ತಿರಲಿಲ್ಲ. ಹುಲ್ಲಿನ ನಡುವಿನಿಂದ ಒಮ್ಮೊಮ್ಮೆ ಜೋತ ಮೂಗಿನ ಜಿಂಕೆಗಳ ಹಿಂಡು ಎದ್ದು ದೂಳೆಬ್ಬಿಸಿ ಓಡುತ್ತಿತ್ತು. ಆನೆಯ ಸೊಂಡಿಲನ್ನು ಮೊಟಕು ಮಾಡಿ ಅಂಟಿಸಿದಂಥ ಮೂಗು. "ಅಲ್ಲಾಹನಿಗೂ ಒಮ್ಮೊಮ್ಮೆ ತಮಾಷೆ ಮಾಡ್ಬೇಕು ಅಂತ ಕಾಣ್ತದೆ," ಎಂದರು ಉಮ್ಮರಾಕ.

ಆಮೇಲೆ ಕೆರೆಗಳು. ಕೆರೆ ಎಂದರೆ ನಮ್ಮ ಕೆರೆಗಳಲ್ಲ, ಆಚೆ ದಡ ಕಾಣದವು. ಒಂದರ ನೀರು ಬಾಯಿಗಿಡಲಾಗದಷ್ಟು ಉಪ್ಪು, ಅದರ ಪಕ್ಕದಲ್ಲೇ ಇನ್ನೊಂದು ಸಿಹಿನೀರು, ಸುತ್ತಲೂ ಆಳೆತ್ತರದ ಜೊಂಡು. ಉಪ್ಪುನೀರಿನ ಆಳವಿಲ್ಲದ ಕಡೆ ಗುಲಾಬಿ ಬಣ್ಣದ ರಾಜಹಂಸಗಳು ತಲೆ ಕೆಳಗೆ ಮಾಡಿ ನಿಂತಿದ್ದವು. ಅವು ನನಗೆ ಹೊಸವಲ್ಲ, ನಮ್ಮ ಗ್ಯಾರೇಜಿಗೆ ಹೋಗುವ ದಾರಿಯಲ್ಲಿ, ರಾಸ್ ಅಲ್ ಖೋರ್‌ನ ಕೆಸರಿನಲ್ಲೂ ಹಾಗೇ ನಿಂತಿರುತ್ತವೆ. ಸಿಹಿನೀರಿನ ಕಡೆ ಹೆಜ್ಜಾರ್ಲೆ, ಬೂದು ಹೆಬ್ಬಾತು, ಕಿತ್ತಳೆ ಬಣ್ಣದ ಬಾತು. ಆ ಕಿತ್ತಳೆ ಬಾತುಗಳನ್ನು ಕಂಡು ನನಗೆ ಕಣ್ಣು ತುಂಬಿತು. ಚಳಿಗಾಲದಲ್ಲಿ ನಮ್ಮೂರ ಕೆರೆಗೆ ಬರುವುದು ಅಂಥವೇ. ಕಡಲೆ ಹೊಲಕ್ಕೆ ಇಳಿಯುತ್ತವೆ, ನಮ್ಮಪ್ಪ ಬೈಯುತ್ತಿದ್ದ, ಆದರೆ ಕಲ್ಲು ಎತ್ತುತ್ತಿರಲಿಲ್ಲ.

ಬೋಲಾತ್ ಎಂಬ ಅಲ್ಲಿಯವನೊಬ್ಬ ನಮ್ಮ ಡೇರೆಯ ಗುತ್ತಿಗೆದಾರ. ಹಾಲು, ಕುರಿ, ಸೌದೆ, ದೋಣಿ ಎಲ್ಲ ಅವನದೇ. ನಾವು ತಲುಪಿದ ವಾರದಲ್ಲೇ ನಗರದಿಂದ ಬಾಬಾನ ಅತಿಥಿಗಳು ಬರುವವರಿದ್ದರು. ಅವರಿಗೆ ಕಾಡುಹಕ್ಕಿಯ ಊಟ ಹಾಕಿಸುತ್ತೇನೆ ಎಂದು ಬೋಲಾತ್ ಬಾಬಾನಿಗೆ ಮಾತು ಕೊಟ್ಟಿದ್ದ. ಅತಿಥಿಗಳು ಬರುವ ದಿನ ಬೆಳಿಗ್ಗೆ ಅವನ ಜನ ಜೊಂಡಿನ ಅಂಚಿನಲ್ಲಿ ಬಲೆಯ ದೊಡ್ಡಿ ಕಟ್ಟಿ, ದೋಣಿಗಳಲ್ಲಿ ಹೋಗಿ ಕೆರೆಯ ಹಕ್ಕಿಗಳನ್ನು ದನ ಅಟ್ಟಿದಂತೆ ಅಟ್ಟಿಕೊಂಡು ಬಂದರು. ಒಂದು ಗುಂಡೂ ಹಾರಲಿಲ್ಲ. ನೋಡನೋಡುತ್ತಿದ್ದಂತೆ ದೊಡ್ಡಿ ತುಂಬಿತು. ಹೆಬ್ಬಾತು, ಬಾತು ಎಲ್ಲ ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದವು.

ಉಮ್ಮರಾಕ ಚೂರಿ ಮಸೆದುಕೊಂಡು, ನೀರಿನ ಬಟ್ಟಲು ಹಿಡಿದು ಬಂದರು. ಒಂದು ಕಿತ್ತಳೆ ಬಾತನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, ಎಂದಿನಂತೆ ಕಾಲು ಸವರಿದರು, ಎದೆ ಸವರಿದರು. ರೆಕ್ಕೆ ಬಿಡಿಸಿದವರು ಹಾಗೇ ಕೂತುಬಿಟ್ಟರು. ನಾನು ಹತ್ತಿರ ಹೋದೆ. ರೆಕ್ಕೆಯ ದೊಡ್ಡ ಗರಿಗಳು ಒಂದೂ ಇರಲಿಲ್ಲ. ಅವುಗಳ ಜಾಗದಲ್ಲಿ ರಕ್ತ ತುಂಬಿದ ನೀಲಿ ಮೊಳಕೆಗಳು ಸಾಲಾಗಿ ಎದ್ದಿದ್ದವು. ಇನ್ನೊಂದು ಎತ್ತಿ ನೋಡಿದರು, ಮತ್ತೊಂದು ನೋಡಿದರು. ಎಲ್ಲವೂ ಹಾಗೇ.

ಬೋಲಾತ್ ನಕ್ಕು, ತನ್ನ ಹರಕು ಇಂಗ್ಲಿಷಿನಲ್ಲಿ ನನಗೆ ತಿಳಿಸಿ ಹೇಳಿದ. ಮರಿಗಳು ದೊಡ್ಡವಾಗುವ ಹೊತ್ತಿಗೆ ಇವುಗಳ ಹಳೆಯ ಗರಿ ಒಮ್ಮೆಲೇ ಉದುರುತ್ತದೆ. ಹೊಸದು ಬರುವ ತನಕ ಹಾರಲಾಗುವುದಿಲ್ಲ, ಜೊಂಡಿನಲ್ಲಿ ಅಡಗಿಕೊಂಡಿರುತ್ತವೆ. ಹಿಡಿಯಲು ಇದಕ್ಕಿಂತ ಸುಲಭದ ತಿಂಗಳಿಲ್ಲ. ನಾನು ಅದನ್ನು ಕನ್ನಡದಲ್ಲಿ ಉಮ್ಮರಾಕನಿಗೆ ಹೇಳಿದೆ.

ಅವರು ಬಾತನ್ನು ದೊಡ್ಡಿಯೊಳಗೆ ಮೆಲ್ಲಗೆ ಬಿಟ್ಟು, ಚೂರಿಯನ್ನು ಒರೆಗೆ ಸೇರಿಸಿದರು.

"ಇದು ನಂಗೆ ಆಗೂದಿಲ್ಲ ಮಾರಾಯ."

"ಏನ್ ಆಗಂಗಿಲ್ರೀ?"

"ಹಾರ್ಲಿಕ್ಕೆ ಆಗದ ಹಕ್ಕಿಗೆ ನಾನು ಬಿಸ್ಮಿ ಹೇಳುದಿಲ್ಲ. ಕಾವಿಗೆ ಕೂತದ್ದೂ ಒಂದೇ, ಇದೂ ಒಂದೇ."

ಅವರ ತೋಳು ಹಿಡಿದು ಡೇರೆಯ ಹಿಂದಕ್ಕೆ ಎಳೆದುಕೊಂಡು ಹೋದೆ. ನನಗೆ ಅವರ ಮೇಲೇ ಸಿಟ್ಟು ಬಂದಿತ್ತು.

"ತಲಿ ನೆಟ್ಟಗೈತೇನ್ರಿ ನಿಮಗ? ಜೀವಮಾನ ಎಲ್ಲಾ ಕೊಯ್ಕೋತ ಬಂದವರು ನೀವು! ಬಾಬಾ ವೀಸಾ ಕ್ಯಾನ್ಸಲ್ ಹೊಡದ್ರ ಬೀವಿ ಗತಿ ಏನು? ಬಂದು ಆರು ತಿಂಗಳಾಗಿಲ್ಲ!"

"ಗೊತ್ತುಂಟು."

"ನೀವು ಕೊಯ್ಲಿಲ್ಲಾಂದ್ರ ಬೋಲಾತ್ ಕೊಯ್ತಾನ. ಅವನೂ ಮುಸಲ್ಮಾನನ. ಹಕ್ಕಿ ಉಳಿಯಂಗಿಲ್ಲ, ನಿಮ್ಮ ಸಂಸಾರ ಮಾತ್ರ ಮುಳಗತೈತಿ."

ಅದು ಅವರಿಗೆ ನಾಟಿತು ಎಂದು ಕಾಣುತ್ತದೆ, ತಲೆಯಾಡಿಸಿದರು. ಇನ್ನೇನು ದಾರಿಗೆ ಬಂದರು ಎಂದು ನಾನು ಅಂದುಕೊಂಡೆ.

"ನೀನು ಹೇಳಿದ್ದು ಸರಿ," ಎಂದರು. "ನಾನು ಒಬ್ಬ ಕೊಯ್ಯದಿದ್ರೆ ಸಾಕಾಗುದಿಲ್ಲ. ಬಾಬಾನ ಹತ್ರವೇ ಹೇಳ್ಬೇಕು."

ನಾನು ತಲೆ ಚಚ್ಚಿಕೊಂಡೆ. ಅವರು ಆಗಲೇ ದೊಡ್ಡ ಡೇರೆಯ ಕಡೆ ಹೊರಟಿದ್ದರು. ಓಡುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಸಂತೆಗೆ ಹೊರಟವರ ಹಾಗೆ ನಡೆಯುತ್ತಿದ್ದರು.

ಡೇರೆಯಲ್ಲಿ ಬಾಬಾ, ಅವನ ತಮ್ಮ, ಗಿಡುಗದ ಆಳುಗಳು ಕಾವಾ, ಅಂದರೆ ಅರಬರ ಕಾಫಿ, ಕುಡಿಯುತ್ತ ಕೂತಿದ್ದರು. ಬೋಲಾತನೂ ನಮ್ಮ ಹಿಂದೆಯೇ ಬಂದ. ಉಮ್ಮರಾಕ ಚೂರಿಯನ್ನು ಒರೆಯ ಸಮೇತ ಕಂಬಳಿಯ ಮೇಲೆ ಬಾಬಾನ ಮುಂದಿಟ್ಟರು.

"ಬಾಬಾ, ಆ ಹಕ್ಕಿಗಳಿಗೆ ಮಾಫಿ ರೀಶ್," ಎಂದರು. ಅವರ ಅರಬಿಯಲ್ಲಿ ಮಾಫಿ ಎಂದರೆ ಇಲ್ಲ, ರೀಶ್ ಎಂದರೆ ಗರಿ. "ನಾನು ಕೊಯ್ಯುವುದಿಲ್ಲ. ಬೇರೆಯವರು ಕೊಯ್ಯುವುದೂ ಬೇಡ."

ಬಾಬಾನ ಮುಖ ಕೆಂಪೇರಿತು. "ಚೂರಿ ನಿನ್ನ ಕೆಲಸ. ಹೇಳುವುದು ನನ್ನ ಕೆಲಸ. ಮಧ್ಯಾಹ್ನಕ್ಕೆ ಅತಿಥಿಗಳು ಬರುತ್ತಾರೆ."

ನಾನು ಹಿಂದಿನಿಂದ ಅವರ ಅಂಗಿ ಜಗ್ಗಿದೆ. ಅವರು ಅದನ್ನು ಲೆಕ್ಕಕ್ಕೇ ಇಡಲಿಲ್ಲ.

"ಬಾಬಾ, ಈಗ ಅಬುಧಾಬಿಯಲ್ಲಿ ನಿಮ್ಮ ಗಿಡುಗಗಳು ಎಲ್ಲಿವೆ?"

ಇದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದ ಸಂಗತಿ. ಬೇಸಿಗೆಯಲ್ಲಿ ಗಿಡುಗಗಳೂ ಗರಿ ಉದುರಿಸುತ್ತವೆ. ಆ ತಿಂಗಳುಗಳಲ್ಲಿ ಬಾಬಾ ಅವನ್ನು ಬೇಟೆಗೆ ಬಿಡುತ್ತಿರಲಿಲ್ಲ. ಏಸಿ ಹಾಕಿದ ಮಬ್ಬುಗತ್ತಲ ಕೋಣೆಯಲ್ಲಿಟ್ಟು ಕೊಬ್ಬಿದ ಕಾಡೆ ಹಕ್ಕಿ ತಿನ್ನಿಸುತ್ತಿದ್ದ. ಆ ಕಾಡೆಗಳನ್ನು ಕೊಯ್ದು ಕಳಿಸುತ್ತಿದ್ದುದು ಉಮ್ಮರಾಕನೇ. ಆ ಕೋಣೆಯ ಬಳಿ ಮಕ್ಕಳು ಗಲಾಟೆ ಮಾಡಿದರೆ ಬಾಬಾ ಸ್ವಂತ ಮಕ್ಕಳನ್ನೂ ಗದರಿಸುತ್ತಿದ್ದ.

"ಅವಕ್ಕೂ ಈಗ ಮಾಫಿ ರೀಶ್," ಎಂದರು ಉಮ್ಮರಾಕ. "ಅವುಗಳ ಕೋಣೆಗೆ ನೀವು ಚಪ್ಪಲಿ ಬಿಟ್ಟು ಹೋಗುತ್ತೀರಿ. ಇವುಗಳ ಕೋಣೆ ಆ ಜೊಂಡು. ಇವುಗಳಿಗೆ ಬೇರೆ ಮನೆಯಿಲ್ಲ."

ಬಾಬಾ ಕಾವಾದ ಲೋಟ ಕೆಳಗಿಟ್ಟು ಎದ್ದು, ಯಾರನ್ನೂ ನೋಡದೆ ನೇರ ದೊಡ್ಡಿಗೆ ಹೋದ. ಬಾಗಿ ಒಂದು ಹೆಬ್ಬಾತನ್ನು ಎತ್ತಿಕೊಂಡ. ಗಿಡುಗ ಹಿಡಿದು ಪಳಗಿದ ಕೈ ಅದು, ಹಕ್ಕಿ ಒದ್ದಾಡಲಿಲ್ಲ. ರೆಕ್ಕೆ ಬಿಡಿಸಿ ಆ ನೀಲಿ ಮೊಳಕೆಗಳ ಮೇಲೆ ಬೆರಳಾಡಿಸಿದ. ತುಂಬ ಹೊತ್ತು ನೋಡಿದ.

"ಯಲ್ಲಾ, ನಡೆಯಿರಿ," ಎಂದ, "ಬಲೆ ತೆಗೆಯಿರಿ."

ಬಲೆ ತೆಗೆದರು. ಹಕ್ಕಿಗಳು ಹಾರಲಿಲ್ಲ, ಹಾರುವ ಹಾಗೂ ಇರಲಿಲ್ಲ. ಒಂದನ್ನೊಂದು ತಳ್ಳಿಕೊಂಡು, ಕುಪ್ಪಳಿಸಿಕೊಂಡು, ಕೆಸರಿನಲ್ಲಿ ನಡೆದು ನೀರಿಗೆ ಇಳಿದು ಜೊಂಡಿನೊಳಗೆ ಮರೆಯಾದವು. ನಮ್ಮೂರಿನ ಕಿತ್ತಳೆ ಬಾತುಗಳೂ ಹೋದವು. ನಾನು ದೇವರನ್ನು ನೆನೆದು ಕೈ ಮುಗಿದೆ. ಬೋಲಾತ್ ರಷ್ಯನ್ ಭಾಷೆಯಲ್ಲಿ ಏನೋ ಬೈಯುತ್ತಿದ್ದ.

ಅತಿಥಿಗಳಿಗೆ ಉಮ್ಮರಾಕ ಕುರಿ ಕೊಯ್ದು ಅಡುಗೆ ಮಾಡಿದರು. ಅವರೆಲ್ಲ ಬೆರಳು ನೆಕ್ಕಿಕೊಂಡು ಉಂಡರು. ಗಂಡಾಂತರ ಕಳೆಯಿತು ಎಂದು ನಾನು ನಿರಾಳವಾಗಿ ನಿದ್ದೆ ಮಾಡಿದೆ. ಮರುದಿನ ಬೆಳಿಗ್ಗೆ ಬಾಬಾ ಉಮ್ಮರಾಕನನ್ನು ಕರೆಸಿ, ಎದುರು ಕೂರಿಸಿ, ತಾನೇ ಕಾವಾ ಬಗ್ಗಿಸಿ ಕೊಟ್ಟ.

"ನೀನು ಹೇಳಿದ್ದು ಸರಿ. ಆದರೆ ನನ್ನ ತಮ್ಮ, ನನ್ನ ಆಳುಗಳು, ಹೊರಗಿನವನೊಬ್ಬ, ಎಲ್ಲರ ಎದುರು ನನಗೆ ಬೇಡ ಎಂದೆ. ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಲು ನನಗಾಗುವುದಿಲ್ಲ. ಖಲಾಸ್."

ಉಮ್ಮರಾಕ ಕಾವಾ ಕುಡಿದು, ಲೋಟ ಅಲ್ಲಾಡಿಸಿ ಸಾಕು ಎಂದು ತೋರಿಸಿ, ಸಲಾಂ ಹೇಳಿ ಎದ್ದರು. ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ಬಾಬಾ ಕರಗುತ್ತಿದ್ದ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಅದನ್ನು ಅವರಿಗೆ ಹೇಳಿದರೆ, "ಬೇಡಿದ್ರೆ, ತಪ್ಪು ಮಾಡಿದೆ ಅಂತ ಆಗ್ತಿತ್ತಲ್ಲ," ಎನ್ನುತ್ತಾರೆ.

ಅಬುಧಾಬಿಗೆ ಮರಳಿದಾಗ ಅವರ ಜೊತೆ ಆ ಹಿತ್ತಲಿನ ಕೋಣೆಗೆ ನಾನೂ ಹೋದೆ. ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ. ಮರಿಯಮ್ ಬೀವಿ ಎಲ್ಲವನ್ನೂ ನಿಂತುಕೊಂಡೇ ಕೇಳಿ, ನನ್ನ ಕಡೆ ತಿರುಗಿದರು.

"ನೀವು ಹೇಳಿ ಅಣ್ಣ. ಆ ಹಕ್ಕಿಗಳಿಗೆ ಪುನಃ ಹಾರ್ಲಿಕ್ಕೆ ಎಷ್ಟು ಸಮಯ ಬೇಕು?"

"ಒಂದು ತಿಂಗಳ ಅಂತರೀ, ಅಕ್ಕಾರ."

ಆಕೆ ಗಂಡನನ್ನು ನೋಡಿದರು. "ನಂಗೆ?"

ಉಮ್ಮರಾಕನ ಕಣ್ಣಿಂದ ನೀರು ಇಳಿಯುತ್ತಿತ್ತು. "ಕರೆಸ್ತೇನೆ," ಎಂದರು. "ಇನ್ನು ಬೇರೆಯವರ ಹೆಸ್ರಲ್ಲಿ ಅಲ್ಲ, ನನ್ನ ಹೆಸ್ರಲ್ಲಿ." ಆಕೆ ಸೂಟ್‌ಕೇಸ್ ಎಳೆದುಕೊಂಡು ಬಟ್ಟೆ ಮಡಚತೊಡಗಿದರು.

ಒಂದು ತಿಂಗಳಲ್ಲ, ಏಳು ವರ್ಷ ಬೇಕಾಯಿತು. ಇಬ್ಬರೂ ಊರಿಗೆ ವಿಮಾನ ಹತ್ತಿದರು, ಕೆಲವು ತಿಂಗಳ ಮೇಲೆ ಉಮ್ಮರಾಕ ಒಬ್ಬರೇ ನಮ್ಮ ಮಾಲೀಕ ತೆಗೆಸಿಕೊಟ್ಟ ವೀಸಾದಲ್ಲಿ ಮರಳಿ ಬಂದು, ಮೊದಲು ನಮ್ಮ ರಾಸ್ ಅಲ್ ಖೋರ್ ಗ್ಯಾರೇಜುಗಳ ಹುಡುಗರಿಗೆ ಮೆಸ್ ನಡೆಸಿದರು. ಆಮೇಲೆ ಇನ್ನೊಬ್ಬರ ಹೋಟೆಲಿನಲ್ಲಿ ದುಡಿದರು. ಇಂಟರ್‌ನ್ಯಾಷನಲ್ ಸಿಟಿಯ ಕಟ್ಟಡಗಳು ಎದ್ದು ಜನ ತುಂಬುತ್ತಿದ್ದಂತೆ, ಅಲ್ಲಿ ಪಾಲುದಾರಿಕೆಯಲ್ಲಿ ನಾಲ್ಕು ಮೇಜಿನ ಹೋಟೆಲು ತೆರೆದು, ಲೈಸೆನ್ಸಿನಲ್ಲಿ ತಮ್ಮ ಹೆಸರು ಬರೆಸಿದರು. ಪಾಲುದಾರನಾದರೆ ಹೆಂಡತಿಯನ್ನು ತಾನೇ ಕರೆಸಿಕೊಳ್ಳಬಹುದಿತ್ತು. ಮಂಡಿ ನೋವು ಬಂತು, ಕೂದಲು ಬೆಳ್ಳಗಾಯಿತು. ಸಾಕು ಮಾಡಿ ಊರಿಗೆ ಹೋಗಿರಿ ಎಂದು ನಾನು ಎಷ್ಟೋ ಸಲ ರೇಗಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ.

ಎರಡು ಸಾವಿರದ ಆರರಲ್ಲಿ ಬೀವಿ ಬಂದಿಳಿದಾಗ ಗಾಡಿ ಓಡಿಸಿದವನು ನಾನೇ. ಗಂಡ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಿದ್ದರು. ವಿಮಾನ ನಿಲ್ದಾಣ ದಾಟಿದ ಮೇಲೆ ಉಮ್ಮರಾಕ ಜೇಬಿನಿಂದ ವೀಸಾದ ಕಾಗದ ತೆಗೆದು, ಸ್ಪಾನ್ಸರ್ ಎಂದಿದ್ದ ಕಡೆ ಬೆರಳಿಟ್ಟು ತೋರಿಸಿದರು. ಆಕೆ ಕನ್ನಡಕ ಹಾಕಿಕೊಂಡು, ಅಕ್ಷರ ಕೂಡಿಸಿಕೊಂಡು ಗಂಡನ ಹೆಸರನ್ನು ಪೂರ್ತಿ ಓದಿದರು.

"ಇನ್ನು ಯಾರಿಗೆ ಬೇಡ ಅಂತ ಹೇಳ್ಬೇಕಾದ್ರೂ ಹೇಳಿ," ಎಂದರು. "ಈ ಸಲ ನನ್ನನ್ನು ವಾಪಸ್ ಕಳಿಸ್ಲಿಕ್ಕೆ ಯಾರಿಗೂ ಆಗುದಿಲ್ಲ."